ಕ್ಯೂಬ್ ಟೆಸ್ಟ್: ಕಿಲೋನ್ಯೂಟನ್‌ನಿಂದ ಮೆಗಾಪಾಸ್ಕಲ್‌ಗೆ

ಕಾಂಕ್ರೀಟಿನ ಬಲ ತಿಳಿಯಲು ಅದನ್ನು ಅಚ್ಚಿನಲ್ಲಿ ಕ್ಯೂಬ್ ಮಾಡಿ, ಯಂತ್ರದಲ್ಲಿ ಒಡೆಯುವವರೆಗೆ ಒತ್ತುವುದೇ ಕ್ಯೂಬ್ ಟೆಸ್ಟ್. ಎಂ25 ದರ್ಜೆಯ ಕಾಂಕ್ರೀಟ್ ಅಂದರೆ 28 ದಿನಕ್ಕೆ 25 ಮೆಗಾಪಾಸ್ಕಲ್ ಬಲ, ಅಂದರೆ ಒಂದು ಚದರ ಮಿ.ಮೀ.ಗೆ 25 ನ್ಯೂಟನ್. ಯಂತ್ರದ ಪರದೆಯ ಮೇಲೆ ಬರುವುದು ಮಾತ್ರ ಕಿಲೋನ್ಯೂಟನ್. 150 ಮಿ.ಮೀ. ಕ್ಯೂಬಿನ ಮುಖ 22,500 ಚದರ ಮಿ.ಮೀ. ಆದ್ದರಿಂದ ಕಿಲೋನ್ಯೂಟನ್ ಅಂಕಿಯನ್ನು 22.5ರಿಂದ ಭಾಗಿಸಿದರೆ ಸಾಕು. ಮೂರು ಕ್ಯೂಬಿಗೆ 640, 655, 610 ಬಂದರೆ 28.4, 29.1, 27.1, ಸರಾಸರಿ 28.2. ಯಾವುದೇ ಕ್ಯೂಬ್ ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ಆಚೀಚೆ ಹೋದರೆ ಆ ಮೂರನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೆಯ ಮುಳ್ಳಿನ ಗೇಜು ಟನ್ನಿನಲ್ಲಿ ತೋರಿಸುತ್ತದೆ. ಎಡವುವುದು ಇಲ್ಲೇ. 57 ಟನ್ನನ್ನು ಕಿಲೋನ್ಯೂಟನ್ ಮಾಡಲು ಸುಲಭಕ್ಕೆ 10ರಿಂದ ಗುಣಿಸಿ 22.5ರಿಂದ ಭಾಗಿಸಿದರೆ 25.3 ಸಿಕ್ಕಿ ಕ್ಯೂಬ್ ಪಾಸು, ಸರಿಯಾಗಿ 9.81ರಿಂದ ಗುಣಿಸಿದರೆ 24.9. ವ್ಯತ್ಯಾಸ ಶೇ. 2 ಅಷ್ಟೇ, ಆದರೆ ಯಾವಾಗಲೂ ಗುತ್ತಿಗೆದಾರನ ಕಡೆಗೇ ವಾಲುತ್ತದೆ.

ಲೆಕ್ಕ ಸರಿಯಿದ್ದರೂ ಕ್ಯೂಬೇ ಸುಳ್ಳು ಹೇಳಬಹುದು. ಅಚ್ಚಿನ ಬೋಲ್ಟ್ ಸಡಿಲವಿದ್ದರೆ ಸಿಮೆಂಟ್ ಹಾಲು ಸೋರಿ ಅಂಚು ಪೊಳ್ಳಾಗುತ್ತದೆ. ಕೈಯಿಂದ ಕುಟ್ಟುವುದಾದರೆ ಮೂರು ಪದರ, ಪದರಕ್ಕೆ 16 ಮಿ.ಮೀ. ಸರಳಿನಿಂದ 35 ಏಟು. ಮರುದಿನ ಅಚ್ಚು ಬಿಚ್ಚಿ ನೀರಿಗೆ ಹಾಕಿ. ಪರೀಕ್ಷೆಗೆ ತೊಟ್ಟಿಯಿಂದ ತೆಗೆದು ಮೇಲಿನ ನೀರು ಒರೆಸಿ, ಹಸಿಯಾಗಿರುವಾಗಲೇ ಒತ್ತಬೇಕು. ಒಣಗಿದ ಕ್ಯೂಬ್ ಇರುವುದಕ್ಕಿಂತ ಗಟ್ಟಿ ಅನ್ನಿಸಿಕೊಳ್ಳುತ್ತದೆ. ಕರಣೆ ಆಡಿಸಿದ ಮೇಲ್ಮುಖ ಪಕ್ಕಕ್ಕೆ ಬರಲಿ, ಅಚ್ಚಿನ ನುಣುಪು ಮುಖಗಳು ಮೇಲೆ-ಕೆಳಗೆ. ಯಂತ್ರದ ಫಲಕದ ಮೇಲೆ ಒಂದು ಮರಳಿನ ಕಾಳೂ ಬೇಡ.

ಒತ್ತಡ ಏರಿಸುವ ವೇಗ ಸೆಕೆಂಡಿಗೆ ಸುಮಾರು 5.2 ಕಿಲೋನ್ಯೂಟನ್, ಅಂದರೆ ನಿಮಿಷಕ್ಕೆ 14 ಮೆಗಾಪಾಸ್ಕಲ್. ಎಂ25 ಕ್ಯೂಬ್ ಒಡೆಯಲು ಎರಡು ನಿಮಿಷ ಹತ್ತಿರ ಬೇಕು. ಅರ್ಧ ನಿಮಿಷದಲ್ಲಿ ಮುಗಿಸಿದರೆ ಅಂಕಿ ಉಬ್ಬಿರುತ್ತದೆ. ನಾಲ್ಕೂ ಪಕ್ಕ ಸಿಡಿದು ಡಮರುಗದ ಆಕಾರ ಉಳಿದರೆ ಸರಿಯಾಗಿ ಒಡೆದಿದೆ. ಒಂದೇ ಮೂಲೆ ಕಿತ್ತುಬಂದರೆ ಕ್ಯೂಬ್ ನಡುವೆ ಕೂತಿರಲಿಲ್ಲ.

“53 ಗ್ರೇಡ್ ಸಿಮೆಂಟ್ ಹಾಕಿದ್ದೀವಲ್ಲ ಸಾರ್, 25 ಯಾಕೆ?” ಎಂದು ಮನೆ ಕಟ್ಟಿಸುವವರು ಕೇಳುವುದುಂಟು. ಚೀಲದ ಮೇಲಿನ 53 ಕೂಡ ಮೆಗಾಪಾಸ್ಕಲ್ಲೇ, ಆದರೆ ಅದು ಸಿಮೆಂಟ್-ಮರಳಿನ ಗಾರೆಯಿಂದ ಮಾಡಿದ 70.6 ಮಿ.ಮೀ. ಪುಟ್ಟ ಕ್ಯೂಬಿನದ್ದು. ಕಾಂಕ್ರೀಟಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಅಮೆರಿಕದ ನಕ್ಷೆಯಲ್ಲಿ 4000 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಎಂದಿದ್ದರೆ 145ರಿಂದ ಭಾಗಿಸಿ: 27.6 ಮೆಗಾಪಾಸ್ಕಲ್. ಅಲ್ಲಿ ಒತ್ತುವುದು ಸಿಲಿಂಡರನ್ನು, ಅದರ ಬಲ ಕ್ಯೂಬಿನ ಸುಮಾರು 0.8 ಪಾಲು. ಹಾಗಾಗಿ ನಮ್ಮ ಕ್ಯೂಬಿನಲ್ಲಿ ಕೇಳಬೇಕಾದದ್ದು 34.5ರ ಆಸುಪಾಸು, ಎಂ25 ಅಲ್ಲ, ಎಂ35.