ವಿಕಿರಣ ವಸ್ತುಗಳ ಸಾಗಣೆ ಪಟ್ಟಿಯನ್ನು ಓದುವುದು ಹೇಗೆ

ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಾಗಣೆ ನಿಯಮಾವಳಿಯಲ್ಲಿ (ಎಸ್‌ಎಸ್‌ಆರ್-6) ಪ್ರತಿ ವಿಕಿರಣ ಐಸೊಟೋಪಿನ ಎದುರು ನಾಲ್ಕು ಅಂಕಿಗಳಿರುತ್ತವೆ: ಎ1, ಎ2 (‘ಎ ಮಾದರಿ’ಯ ಪೊಟ್ಟಣವೊಂದರಲ್ಲಿ ಇಡಬಹುದಾದ ವಿಕಿರಣಶೀಲತೆಯ ಗರಿಷ್ಠ ಮಿತಿಗಳು), ವಿನಾಯಿತಿ ಸಾಂದ್ರತೆ, ವಿನಾಯಿತಿ ಒಟ್ಟು ಪ್ರಮಾಣ.

ಮೊದಲು ಕೊನೆಯ ಎರಡನ್ನು ನೋಡಿ. ಸೀಸಿಯಂ-137ಕ್ಕೆ ಗ್ರಾಂಗೆ 10 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ವಿಘಟನೆ ಎಂದರೆ 1 ಬೆಕೆರೆಲ್), ಒಟ್ಟು 10,000 ಬೆಕೆರೆಲ್. ಎರಡೂ ಮೀರಿದರೆ ಮಾತ್ರ ನಿಯಮ ಅನ್ವಯ. ಗ್ರಾಂಗೆ 25 ಬೆಕೆರೆಲ್ ಇರುವ 200 ಗ್ರಾಂ ಮಾದರಿಯಲ್ಲಿ ಒಟ್ಟು 5,000 ಮಾತ್ರ. ಹಾಗಾಗಿ ಅದು ಹೊರಗೆ. ಸಾಂದ್ರತೆ ನೋಡಿಯೇ ಗಾಬರಿಯಾಗುವುದು ಸಾಮಾನ್ಯ ತಪ್ಪು. ಒಟ್ಟು ಲೆಕ್ಕ ಇಡೀ ರವಾನೆಯದ್ದು, ಒಂದೊಂದು ಡಬ್ಬಿಯದ್ದಲ್ಲ.

ಮಿಶ್ರಣವಿದ್ದರೆ ಪ್ರತಿಯೊಂದನ್ನೂ ಅದರದೇ ಮಿತಿಯಿಂದ ಭಾಗಿಸಿ ಕೂಡಿಸಿ. ಕೋಬಾಲ್ಟ್-60ರ ಮಿತಿಯೂ ಗ್ರಾಂಗೆ 10. ಅದು 6, ಸೀಸಿಯಂ 5 ಇದ್ದರೆ ಮೊತ್ತ 1.1, ಬಿಡಿಯಾಗಿ ಎರಡೂ ಮಿತಿಯೊಳಗಿದ್ದರೂ ಸಾಂದ್ರತೆಯ ಮಿತಿ ದಾಟಿತು.

ಎ1, ಎ2 ಹುಟ್ಟಿದ್ದು ಅಪಘಾತದ ಕಲ್ಪನೆಯಿಂದ: ಹಾನಿಗೊಂಡ ಪೊಟ್ಟಣದಿಂದ 1 ಮೀಟರ್ ದೂರದಲ್ಲಿ 30 ನಿಮಿಷ ನಿಂತವರಿಗೆ ತಗಲುವ ವಿಕಿರಣ 50 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೀರಬಾರದು. ಉಸಿರಾಟ, ಚರ್ಮ ಮುಂತಾದ ದಾರಿಗಳನ್ನೂ ಲೆಕ್ಕಹಾಕಿ, ಅತಿ ಕಟ್ಟುನಿಟ್ಟಿನ ಅಂಕಿಯನ್ನು ಉಳಿಸಿಕೊಳ್ಳುತ್ತಾರೆ. ಎ1 ಚದುರದ, 'ವಿಶೇಷ ರೂಪ'ದ ವಸ್ತುವಿಗೆ, ಎ2 ಉಳಿದದ್ದಕ್ಕೆ. ಅಮೆರಿಸಿಯಂ-241ರ ಎ1 10 ಟೆರಾಬೆಕೆರೆಲ್ (1 ಟೆರಾ ಎಂದರೆ ಲಕ್ಷ ಕೋಟಿ), ಎ2 ಬರೀ 0.001. ಪುಡಿಯಾಗಿ ಶ್ವಾಸಕೋಶ ಸೇರಿದರೆ ಏನಾಗುತ್ತದೆಂಬುದೇ ಈ ಹತ್ತು ಸಾವಿರ ಪಟ್ಟು ಅಂತರಕ್ಕೆ ಕಾರಣ. ವಿಶೇಷ ರೂಪದ ಪ್ರಮಾಣಪತ್ರ ಕೈಯಲ್ಲಿಲ್ಲವೇ? ಎ2 ಬಳಸಿ.

ಪಟ್ಟಿಯಲ್ಲಿ ಹೆಸರೇ ಇಲ್ಲದ ಐಸೊಟೋಪಿಗೆ ಮುಂದಿನ ಕೋಷ್ಟಕದ ಸಾರ್ವತ್ರಿಕ ಅಂಕಿಗಳಿವೆ. ಅವು ಬಹಳ ಬಿಗಿ.