ಏರ್ ರೈಫಲ್‌ಗೆ ಪೆಲೆಟ್ ಆರಿಸುವ ಕೆಲಸ: ನನ್ನ ಅನುಭವ

10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ 0.5 ಮಿ.ಮೀ. ಮಾತ್ರ. ಆದರೆ ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು, 4.5 ಮಿ.ಮೀ. ಅಗಲ; ಅದರ ಅಂಚು ಚುಕ್ಕೆಗೆ ತಾಗಿದರೆ ಸಾಕು. ಹಾಗಾಗಿ ಅದರ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ಸರಿದರೂ 10.0 ಸಿಗುತ್ತದೆ. ಅಲ್ಲಿಂದ ಒಳಗೆ ಪ್ರತಿ 0.25 ಮಿ.ಮೀ.ಗೆ ದಶಮಾಂಶದ ಒಂದು ಮೆಟ್ಟಿಲು, 10.9ರವರೆಗೆ. ಪೆಲೆಟ್ ಆರಿಸುವಾಗ ನಾನು ಎದುರಿಗಿಟ್ಟುಕೊಳ್ಳುವ ಅಳತೆ ಈ ಕಾಲು ಮಿಲಿಮೀಟರ್. ಅದನ್ನು ಉಳಿಸಿಕೊಡದ ಕೆಲಸಕ್ಕೆ ಹೊತ್ತು ಹಾಕುವುದಿಲ್ಲ.

ದಾವಣಗೆರೆಯಲ್ಲಿ ಹೊಸದಾಗಿ ಶೂಟಿಂಗ್‌ಗೆ ಬಂದವರು ಮೊದಲು ಕೊಳ್ಳುವುದು ಚಿನ್ನಬೆಳ್ಳಿ ಅಂಗಡಿಯವರು ಬಳಸುವಂಥ ಮಿಲಿಗ್ರಾಂ ತಕ್ಕಡಿ. ತೂಗುವುದು ತಪ್ಪಲ್ಲ, ಆದರೆ ಅದರಿಂದ ಸಿಗುವುದೆಷ್ಟು ಎಂದು ಲೆಕ್ಕ ಹಾಕಿ. ರೈಫಲ್ ಪೆಲೆಟ್ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಹತ್ತು ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ತೂಕ 5 ಮಿಲಿಗ್ರಾಂ ಹೆಚ್ಚಾದರೆ ವೇಗ ಸೆಕೆಂಡಿಗೆ ಒಂದು ಮೀಟರಿನಷ್ಟೂ ಇಳಿಯುವುದಿಲ್ಲ. ಪೆಲೆಟ್ ಸುಮಾರು 0.17 ಮಿ.ಮೀ. ಕೆಳಗೆ ಬೀಳುತ್ತದೆ, ಅಂದರೆ ಒಂದು ಮೆಟ್ಟಿಲಿಗೂ ಕಡಿಮೆ. ಒಳ್ಳೆಯ ಮ್ಯಾಚ್ ಪೆಲೆಟ್‌ನ ಡಬ್ಬಿಯಲ್ಲಿ ಅಷ್ಟು ವ್ಯತ್ಯಾಸವೇ ಅಪರೂಪ. ಹಾಗಾಗಿ ಹೊಸ ಲಾಟ್‌ನಿಂದ (ಒಟ್ಟಿಗೆ ತಯಾರಾಗಿ ಒಂದೇ ನಂಬರ್ ಪಡೆದ ಕಂತು) ಹತ್ತಿಪ್ಪತ್ತು ಪೆಲೆಟ್ ತೂಗಿ, ತೀರಾ ಹೆಚ್ಚುಕಡಿಮೆ ಇಲ್ಲವೆಂದು ಖಾತ್ರಿಯಾದರೆ ತಕ್ಕಡಿಯನ್ನು ಎತ್ತಿಡುತ್ತೇನೆ. ತೂಗುವಾಗ ಫ್ಯಾನ್ ಆರಿಸಿರಬೇಕು, ಇಲ್ಲದಿದ್ದರೆ ಕೊನೆಯ ಅಂಕೆ ನಿಲ್ಲುವುದೇ ಇಲ್ಲ.

ಫಲ ಕೊಡುವುದು ಬ್ಯಾರೆಲ್‌ಗೆ ಒಗ್ಗುವ ಹೆಡ್ ಸೈಜ್ ಮತ್ತು ಲಾಟ್ ಹುಡುಕುವ ಕೆಲಸ. ಡಬ್ಬಿಯ ಮೇಲೆ 4.49, 4.50, 4.51 ಎಂದು ಪೆಲೆಟ್ ತಲೆಯ ವ್ಯಾಸ ಮಿ.ಮೀ.ನಲ್ಲಿ ಬರೆದಿರುತ್ತದೆ. ಇದರಲ್ಲಿ ಯಾವುದು ಮೇಲು ಎಂದು ಬಾಯಿಮಾತಲ್ಲಿ ಹೇಳಲಾಗದು. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳೂ ಬೇರೆ ಬೇರೆ ಸೈಜ್ ಬಯಸಬಹುದು. ಅದೇ ಕಂಪನಿಯ ಅದೇ 4.50 ಕೂಡ ಲಾಟ್ ಬದಲಾದರೆ ಬೇರೆ ಗ್ರೂಪ್ (ಕಾರ್ಡಿನ ಮೇಲೆ ಹೊಡೆತಗಳ ತೂತುಗಳ ಗುಂಪು) ಕೊಡಬಹುದು, ಏಕೆಂದರೆ ಅಚ್ಚು ಸವೆಯುತ್ತದೆ, ಬದಲಾಗುತ್ತದೆ. ಗೆಳೆಯನ ರೈಫಲ್‌ಗೆ ಒಗ್ಗಿತೆಂದು ಅದನ್ನೇ ಪೆಟ್ಟಿಗೆಗಟ್ಟಲೆ ತರಿಸಬೇಡಿ.

ಪರೀಕ್ಷೆಗೆ ರೈಫಲ್ಲನ್ನು ವೈಸ್‌ಗೆ (ಅಲುಗದಂತೆ ಕಚ್ಚಿ ಹಿಡಿಯುವ ಸಾಧನ) ಬಿಗಿಯಬೇಕು, ಹೆಗಲಿಗೆ ಇಟ್ಟು ಹೊಡೆದರೆ ಪೆಲೆಟ್‌ನ ತಪ್ಪು ಯಾವುದು, ಕೈಯ ತಪ್ಪು ಯಾವುದು ತಿಳಿಯದು. ಆಂಗಲ್ ಕಬ್ಬಿಣದ ಸ್ಟ್ಯಾಂಡನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿದರೆ ಸಾಕು. ಹಿಡಿತ ಆಕ್ಷನ್ ಭಾಗಕ್ಕೆ (ಪೆಲೆಟ್ ತುಂಬಿ ಹಾರಿಸುವ ಯಂತ್ರವಿರುವ ಕಡೆ) ಇರಲಿ, ವೈಸ್‌ನ ದವಡೆಗೆ ಚರ್ಮದ ತುಂಡು ಕೊಡಿ. ಬ್ಯಾರೆಲ್ಲನ್ನೋ ಗಾಳಿಯ ಸಿಲಿಂಡರನ್ನೋ ಬಿಗಿದರೆ ಲೆಕ್ಕ ಕೆಡುತ್ತದೆ. ಲಾಟ್ ಬದಲಿಸಿದಾಗಲೆಲ್ಲ ಮೊದಲ ನಾಲ್ಕೈದು ಹೊಡೆತ ಎಣಿಸುವುದಿಲ್ಲ. ಬ್ಯಾರೆಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಬೇಕು. ನಂತರ ಒಂದೇ ಕಾರ್ಡಿಗೆ ಹತ್ತು ಹೊಡೆತ. ಪ್ರತಿ ಲಾಟ್‌ಗೆ ಇಂಥ ಮೂರು ಗ್ರೂಪ್, ಅದೂ ಸರದಿ ಬದಲಿಸಿ: ಒಂದೇ ಲಾಟ್‌ನ ಮೂರನ್ನೂ ಒಟ್ಟಿಗೆ ಹೊಡೆದರೆ ಸಿಲಿಂಡರ್ ಒತ್ತಡ ಇಳಿದದ್ದು, ಶೆಡ್ ಕಾದದ್ದು ಅದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗ್ರೂಪನ್ನು ವರ್ನಿಯರ್‌ನಿಂದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂದೇ ಹೊಡೆತದ ತೂತಿನ ವ್ಯಾಸವನ್ನು ಕಳೆಯಿರಿ. 4.5 ಎಂದು ಕಣ್ಣುಮುಚ್ಚಿ ಕಳೆಯಬಾರದು, ಕಾಗದದ ತೂತು ಸಾಮಾನ್ಯವಾಗಿ ತುಸು ಕಿರಿದಾಗಿರುತ್ತದೆ. ಹತ್ತು ಹೊಡೆತಕ್ಕೆ ನಡುವಿನಿಂದ ನಡುವಿಗೆ 1ರಿಂದ 1.5 ಮಿ.ಮೀ. ಬಂದರೆ ಅದು ಮ್ಯಾಚ್‌ಗೆ ತಕ್ಕ ಲಾಟ್. ಆಯ್ಕೆ ಮಾಡಬೇಕಾದದ್ದು ಮೂರರಲ್ಲಿ ಅತಿ ಕೆಟ್ಟ ಗ್ರೂಪ್ ನೋಡಿ. ಅತಿ ಚೆಂದದ ಒಂದು ಗ್ರೂಪ್ ಅದೃಷ್ಟದಿಂದಲೂ ಬರುತ್ತದೆ.

ಚಿತ್ರದುರ್ಗದಲ್ಲಿ ಪರೀಕ್ಷಿಸುವವರು ಜೂನ್-ಜುಲೈ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನಲ್ಲ. ಬದಿ ತೆರೆದ ಶೆಡ್ಡಿನಲ್ಲಿ ಪೆಲೆಟ್‌ಗಿಂತ ಮೊದಲು ಕಾರ್ಡೇ ಅಲುಗುತ್ತದೆ. ಗ್ರೂಪ್ ಅಡ್ಡಕ್ಕೆ ಹಿಗ್ಗಿದ್ದರೆ ಲಾಟನ್ನು ದೂರುವ ಮೊದಲು ಷಟರ್ ಎಳೆದು ಮತ್ತೆ ಹೊಡೆಯಿರಿ. ಗ್ರೂಪ್ ಉದ್ದಕ್ಕೆ ಹಿಗ್ಗಿದ್ದರೆ ಕಾರಣ ಹೆಚ್ಚಾಗಿ ವೇಗದ ಏರಿಳಿತ: ಸೆಕೆಂಡಿಗೆ 2 ಮೀಟರ್ ವ್ಯತ್ಯಾಸಕ್ಕೆ ಸುಮಾರು 0.4 ಮಿ.ಮೀ. ಏರುಪೇರು. ಅಲ್ಲಿ ನೋಡಬೇಕಾದದ್ದು ರೆಗ್ಯುಲೇಟರ್ (ಹೊಡೆತಕ್ಕೆ ಸಿಗುವ ಗಾಳಿಯ ಒತ್ತಡ ಸಮವಾಗಿಡುವ ಭಾಗ) ಮತ್ತು ಸೀಲ್. ಬೇಸಿಗೆಯಲ್ಲಿ ಸಿಲಿಂಡರನ್ನು ಕಾರಿನಲ್ಲಿ ಬಿಡಲೇಬಾರದು; 25 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು 60 ಡಿಗ್ರಿಗೆ 220 ದಾಟುತ್ತದೆ.

ಒಗ್ಗುವ ಲಾಟ್ ಸಿಕ್ಕ ಕೂಡಲೇ ಅದೇ ಲಾಟ್ ನಂಬರಿನ ಡಬ್ಬಿಗಳನ್ನು ಕೈಲಾದಷ್ಟು ಕೊಳ್ಳಿ. 500ರ ಒಂದು ಡಬ್ಬಿ, 60 ಹೊಡೆತದ ಮ್ಯಾಚ್‌ಗೆ ಸೈಟರ್ (ಅಂಕಕ್ಕೆ ಸೇರದ ಮೊದಲ ಹೊಡೆತಗಳು) ಸೇರಿಸಿದರೆ, ಆರು ಮ್ಯಾಚ್‌ಗೆ ಬರುತ್ತದೆ. ದಿನದ ಅಭ್ಯಾಸಕ್ಕೆ ಅಗ್ಗದ್ದು ಇರಲಿ.

ಮ್ಯಾಚ್‌ನ ಹಿಂದಿನ ದಿನ ಪೆಲೆಟ್‌ಗಳನ್ನು ಬಿಳಿ ಹತ್ತಿಬಟ್ಟೆಯ ಮೇಲೆ ಮೆಲ್ಲಗೆ ಸುರುವಿ, ದೀಪದ ಕೆಳಗೆ ಒಂದೊಂದರ ಸ್ಕರ್ಟ್ ನೋಡುತ್ತೇನೆ. ಹಿಂಬದಿಯ ಈ ತೆಳು ಅಂಚು ಒಂದು ಕಡೆ ನೆಗ್ಗಿದ್ದರೆ ಬ್ಯಾರೆಲ್ ಬಾಯಿ ದಾಟುವಾಗ ಗಾಳಿ ಓರೆಯಾಗಿ ನುಗ್ಗಿ ಪೆಲೆಟ್ ವಾಲುತ್ತದೆ. ದಶಮಾಂಶ ಕಳೆಯುವ ಹೊಡೆತಗಳಲ್ಲಿ ಹೆಚ್ಚಿನವು ಇಂಥವೇ ಎಂಬುದು ನನ್ನ ನಂಬಿಕೆ. ನೆಗ್ಗಿದ್ದು ಅಭ್ಯಾಸದ ಡಬ್ಬಿಗೆ. ಬೆಂಗಳೂರಿಗೆ ಬಸ್ಸಿನಲ್ಲಿ ಒಯ್ಯುವಾಗ ಡಬ್ಬಿಯ ಮೇಲ್ಭಾಗಕ್ಕೆ ಸ್ಪಂಜ್ ತುಂಬಿ, ಅಲುಗದಂತೆ ಮಾಡಿ. ಗುಳಿಯಿರುವ ತಟ್ಟೆಯಾದರೆ ಇನ್ನೂ ಒಳ್ಳೆಯದು.

ಇದೆಲ್ಲ ಸೀಸ. ಮೇಜನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮಂಡಕ್ಕಿ ಮೆಣಸಿನಕಾಯಿಗೆ ಕೈ ಹಾಕುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಮಕ್ಕಳಿಗೂ ಮೊದಲ ದಿನವೇ ಅಭ್ಯಾಸ ಮಾಡಿಸಿ.