ಚಪ್ಪಲಿ ಹಾಕಿಕೊಂಡು ಮುಟ್ಟುವ ಗ್ರೈಂಡರ್

ನಮ್ಮ ಅಡುಗೆಮನೆಯಲ್ಲಿ ಗ್ರೈಂಡರಿನ ಬುಡದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇರುತ್ತಿತ್ತು. ನೀಲಿ ಪಟ್ಟಿಯದ್ದು, ಹಿಮ್ಮಡಿ ಸವೆದದ್ದು. ಅದನ್ನು ಹಾಕಿಕೊಂಡು ಯಾರೂ ಅಂಗಳಕ್ಕೂ ಇಳಿಯುತ್ತಿರಲಿಲ್ಲ. ದೋಸೆಗೆ ಅರೆಯುವಾಗ ಮಾತ್ರ ಅಮ್ಮ ಅದರೊಳಗೆ ಕಾಲು ತೂರಿಸುತ್ತಿದ್ದರು. ಮದುವೆಯಾಗಿ ಬಂದ ಅತ್ತಿಗೆಗೂ ಮೊದಲ ವಾರವೇ ಪಾಠ ಆಯಿತು: "ಅದು ಸ್ವಲ್ಪ ಜುಂ ಅನ್ನುತ್ತದೆ ಮಾರಾಯ್ತಿ, ಚಪ್ಪಲಿ ಹಾಕಿಕೊಂಡು ಮುಟ್ಟು."

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯ ಕಥೆ ಮಾತ್ರ ಅಲ್ಲ ಇದು. ಕುಂಬಳೆ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಇಂಥದ್ದೊಂದು ಕಣ್ಣಿಗೆ ಬೀಳುತ್ತದೆ. ಒಂದು ಮನೆಯಲ್ಲಿ ಫ್ರಿಜ್ಜಿನ ಎದುರು ಮಡಚಿದ ಗೋಣಿಚೀಲ. ಇನ್ನೊಂದು ಕಡೆ ಪಂಪ್ ಶೆಡ್ಡಿನಲ್ಲಿ ಸ್ಟಾರ್ಟರ್ ಒತ್ತಲೆಂದೇ ಇಟ್ಟ ಅಡಿಕೆ ಸಲಾಕೆಯ ತುಂಡು. ಶಾಕ್ ಹೊಡೆಯುವ ಸಾಮಾನಿನ ಜೊತೆ ನಾವು ಹೊಂದಿಕೊಂಡು ಬಾಳುತ್ತೇವೆ, ಸಿಡುಕಿನ ಅಜ್ಜನ ಜೊತೆ ಬಾಳಿದ ಹಾಗೆ.

ಜುಂ ಅಂದರೆ ಏನು?

ಒಳಗಿನ ಫೇಸ್ ತಂತಿಯಿಂದ, ಅಂದರೆ ಕರೆಂಟ್ ಹೊತ್ತು ತರುವ ತಂತಿಯಿಂದ, ಕರೆಂಟ್ ಹೊರಗಿನ ಲೋಹದ ಮೈಗೆ ಸೋರುತ್ತಿದೆ ಎಂದರ್ಥ. ಸುಮಾರು 1 ಮಿಲಿಆಂಪ್ ಮೈಯಲ್ಲಿ ಹರಿದರೆ ಜುಂ ಅನ್ನುತ್ತದೆ. 10ರ ಹತ್ತಿರ ಬಂದಾಗ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಿಕ್ಕೇ ಆಗದಂತೆ ಆಗಬಹುದು. 30 ದಾಟಿದರೆ ಉಸಿರಿಗೂ ಹೃದಯಕ್ಕೂ ಅಪಾಯ. ಮನೆಯ ಕರೆಂಟ್ 230 ವೋಲ್ಟ್. ಒದ್ದೆ ಮೈ ಒಡ್ಡುವ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಭಾಗಿಸಿ ನೋಡಿ, 230 ಮಿಲಿಆಂಪ್!

ಚಪ್ಪಲಿ ಹಾಕಿ, ಒಣ ನೆಲದಲ್ಲಿ ನಿಂತಾಗ ಬರೀ ಜುಂ ಅಂದ ಗ್ರೈಂಡರೇ ನೆಲ ತೊಳೆದ ದಿನ ಬೇರೆ ಥರ ಹೊಡೆಯಬಹುದು. ಗ್ರೈಂಡರ್ ಅದೇ, ನೆಲ ಮಾತ್ರ ಒದ್ದೆ. ಆಟಿಯ ಮಳೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಅಲ್ವಾ?

ಮೊದಲು ಪ್ಲಗ್, ಆಮೇಲೆ ಗುಂಡಿ

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಮೂರು ಪಿನ್ ಇದೆಯೇ? ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಅದೇ ಅರ್ತ್, ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಒಳಗೆ ಹೋಗುವಾಗ ಮೊದಲು ತಾಗುವುದೂ ಅದೇ, ತೆಗೆಯುವಾಗ ಕೊನೆಗೆ ಬಿಡುವುದೂ ಅದೇ. ಫೇಸ್ ಬರುವ ಮೊದಲೇ ಕಾವಲು ನಿಂತಿರಲಿ ಎಂದು ಹಾಗೆ ಮಾಡಿದ್ದಾರೆ. ನಾವೋ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಸೇರುವುದಿಲ್ಲ ಅಂತ ಆ ಪಿನ್ನನ್ನೇ ಕತ್ತರಿಸಿ ಹಾಕುತ್ತೇವೆ.

ನಮ್ಮ ಪ್ಲಗ್ ಸರಿ ಇತ್ತು. ಸಾಕೆಟ್ಟೂ ಸರಿ. ಕೊನೆಗೆ ವೈರ್‌ಮ್ಯಾನ್ ಮನೆಯ ಹಿಂದೆ, ಬಾಳೆಯ ಬುಡದಲ್ಲಿದ್ದ ಅರ್ತ್ ಗುಂಡಿಯ ಮುಚ್ಚಳ ಎತ್ತಿದರು. ಪೈಪಿನ ತುದಿಯ ಬೋಲ್ಟು ತುಕ್ಕು ಹಿಡಿದು ಪುಡಿಯಾಗಿತ್ತು. ತಂತಿ ಎಲ್ಲಿಗೂ ಸೇರದೆ, ಎರೆಹುಳದ ಹಾಗೆ ಮಣ್ಣಿನಲ್ಲಿ ಬಿದ್ದಿತ್ತು. ವೈರ್‌ಮ್ಯಾನ್ ತುಳುವಿನಲ್ಲಿ ಇಷ್ಟೇ ಅಂದರು: "ಅಣ್ಣೆರೆ, ಮುಲ್ಪ ಅರ್ತೇ ಇಜ್ಜಿ." ಇಲ್ಲಿ ಅರ್ತೇ ಇಲ್ಲ. ಎಷ್ಟು ವರ್ಷದಿಂದ ಇಲ್ಲವೋ, ದೇವರಿಗೇ ಗೊತ್ತು.

ಹಾಗಾಗಿ ಮಳೆಗಾಲದ ಮೊದಲು ಒಮ್ಮೆ, ಬೇಸಗೆಯ ನಡುವೆ ಒಮ್ಮೆ ಆ ಮುಚ್ಚಳ ಎತ್ತಿ ನೋಡಿ. ಬೋಲ್ಟು ಬಿಗಿ ಇದೆಯೇ, ತಂತಿ ತುಂಡಾಗಿದೆಯೇ ಎಂದು ಬರೀ ಕಣ್ಣಿಗೇ ಕಾಣುತ್ತದೆ. ನೋಡುವುದು ಮಾತ್ರ ನಿಮ್ಮ ಕೆಲಸ, ಮುಟ್ಟುವುದು ವೈರ್‌ಮ್ಯಾನ್ ಕೆಲಸ. ಮುರಕಲ್ಲಿನ ಪದವಿನಲ್ಲಿ, ಅಂದರೆ ಕೆಂಪು ಕಲ್ಲಿನ ಬೋಳು ಗುಡ್ಡದಲ್ಲಿ, ಮನೆ ಕಟ್ಟಿದವರು ಇನ್ನೂ ಜಾಸ್ತಿ ಗಮನ ಕೊಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಆ ನೆಲ ಒಣಗಿ ಗಟ್ಟಿಯಾದರೆ ಅರ್ತಿನ ತಡೆ ಏರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು, ಬೇಸಗೆಯಲ್ಲಿ ನೀರು ಹೊಯ್ಯುವುದು ಇದಕ್ಕೇ. ತಡೆ ಎಷ್ಟಿದೆ ಎಂದು ಮೀಟರ್ ಇಟ್ಟು ಅಳೆಯಲು ವೈರ್‌ಮ್ಯಾನ್ ಹತ್ತಿರ ಕೇಳಿ. ಟೆಸ್ಟರ್ ದೀಪ ಉರಿಯಲಿಲ್ಲ, ಹಾಗಾಗಿ ಎಲ್ಲ ಸರಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅರ್ತ್ ಒಂದೇ ಸಾಲದು

ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ನಿಮ್ಮ ಗುಂಡಿಯ ತಡೆ 20 ಓಮ್ ಇದೆ ಅಂತ ಇಟ್ಟುಕೊಳ್ಳಿ. ಗ್ರೈಂಡರಿನ ಮೈಗೆ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪ್. ಬೋರ್ಡಿನಲ್ಲಿರುವ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, 16 ಆಂಪಿನದ್ದು. ಅದಕ್ಕೆ ಇದು ಮಾಮೂಲಿ ಲೋಡು, ಬೀಳುವುದೇ ಇಲ್ಲ! ಎಂಸಿಬಿ ಇರುವುದು ತಂತಿ ಸುಡದಿರಲಿ ಎಂದು. ಮನುಷ್ಯನನ್ನು ಕಾಯುವುದು ಅದರ ಕೆಲಸವೇ ಅಲ್ಲ.

ಆ ಕೆಲಸಕ್ಕೆ ಬೇರೆ ಪೆಟ್ಟಿಗೆ ಇದೆ. ಅಂಗಡಿಯಲ್ಲಿ ಇಎಲ್‌ಸಿಬಿ ಅನ್ನುತ್ತಾರೆ, ಈಗಿನದ್ದರ ಸರಿ ಹೆಸರು ಆರ್‌ಸಿಸಿಬಿ. ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. ಮಧ್ಯದಲ್ಲಿ ಎಲ್ಲೋ 30 ಮಿಲಿಆಂಪ್ ಸೋರಿತೋ, ಸೆಕೆಂಡಿನ ಸಣ್ಣ ಪಾಲಿನಲ್ಲಿ ಲೈನ್ ಕಡಿಯುತ್ತದೆ. ಕೊಳ್ಳುವಾಗ ಮೇಲೆ 30 ಎಂಎ ಎಂದು ಬರೆದದ್ದನ್ನೇ ತನ್ನಿ. 100, 300ರದ್ದೂ ಸಿಗುತ್ತವೆ. ಅವು ಬೆಂಕಿ ತಡೆಯಲು ಆಗಬಹುದು, ಜನರನ್ನು ಉಳಿಸಲು ಆಗುವುದಿಲ್ಲ.

ಅದರ ಮೇಲೆ ಟಿ ಎಂದು ಬರೆದ ಸಣ್ಣ ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಬೇಕು. ಕರೆಂಟ್ ಇರುವಾಗಲೇ ಒತ್ತಬೇಕು. ಟಕ್ಕೆಂದು ಬಿದ್ದರೆ ಸರಿ. ಬೀಳದಿದ್ದರೆ ಅದು ಗೋಡೆಯ ಅಲಂಕಾರ, ಅಷ್ಟೇ. ಬದಲಿಸಿ. ತಿಂಗಳ ನೆನಪು ಹೇಗೆ ಇಟ್ಟುಕೊಳ್ಳುವುದು? ಸಂಕ್ರಮಣದ ದಿನ ಒತ್ತಿ. ನಮ್ಮ ಮನೆಯಲ್ಲಿ ಈಗ ಅಮ್ಮನೇ ಒತ್ತುವುದು, ಟಿವಿ ನೋಡುತ್ತಿರುವ ಅಪ್ಪನಿಗೆ ಹೇಳದೆ.

ಮಳೆ ಬಂದರೆ ಬೀಳುತ್ತದೆಯೇ?

"ಮಳೆಗಾಲದಲ್ಲಿ ಇಎಲ್‌ಸಿಬಿ ಸುಮ್ನೆ ಸುಮ್ನೆ ಬೀಳುತ್ತದೆ, ಅದಕ್ಕೆ ಅದನ್ನು ತಪ್ಪಿಸಿ ಡೈರೆಕ್ಟ್ ಮಾಡಿಸಿದ್ದೇವೆ" ಅನ್ನುವವರು ಬೇಕಾದಷ್ಟು. ಸುಮ್ನೆ ಬೀಳುವುದು ತೀರಾ ಅಪರೂಪ. ಎಲ್ಲೋ ಸೋರುತ್ತಿದೆ. ಪತ್ತೆ ಮಾಡುವುದು ಕಷ್ಟ ಏನೂ ಅಲ್ಲ. ಎಲ್ಲ ಎಂಸಿಬಿ ಆಫ್ ಮಾಡಿ, ಇಎಲ್‌ಸಿಬಿ ಎತ್ತಿ. ನಂತರ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬಿತ್ತೋ ಕಳ್ಳ ಆ ಸಾಲಿನಲ್ಲಿದ್ದಾನೆ. ಆ ಸಾಲಿನ ಪ್ಲಗ್ಗುಗಳನ್ನು ಕಿತ್ತು, ಮತ್ತೆ ಒಂದೊಂದೇ ಸಿಕ್ಕಿಸಿ. ಹೆಚ್ಚಾಗಿ ಸಿಕ್ಕಿಬೀಳುವುದು ಗೇಟಿನ ದೀಪ, ಹಟ್ಟಿಯ ಹೋಲ್ಡರ್, ಬಾವಿಯ ಪಂಪು, ಇರುವೆ ಗೂಡು ಕಟ್ಟಿದ ಜಂಕ್ಷನ್ ಬಾಕ್ಸ್. ಎಲ್ಲ ಕಿತ್ತರೂ ಬೀಳುತ್ತಿದ್ದರೆ ಗೋಡೆಯೊಳಗಿನ ವೈರಿಂಗು ಅಥವಾ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ದೋಷ ಇರಬಹುದು. ವೈರ್‌ಮ್ಯಾನ್‌ಗೆ ಫೋನ್ ಮಾಡಿ.

ಒಂದು ಎಚ್ಚರಿಕೆ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಇನ್ವರ್ಟರ್ ಇರುವ ಮನೆಯಲ್ಲಿ ಕೆಲವು ಲೈನುಗಳಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಬದಲಿಸುವ ಮೊದಲು ಅದನ್ನೂ ಆಫ್ ಮಾಡಿ. ಹಾಂ, ಸಿಡಿಲಿನಿಂದ ಇಎಲ್‌ಸಿಬಿ ಕಾಯುವುದಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗಿಗೆ ಪ್ಲಗ್ ಕಿತ್ತಿಡುವುದೇ ಮದ್ದು. ಗುಡುಗು ಹತ್ತಿರ ಬರುವ ಮೊದಲೇ ಕೀಳಬೇಕು.

ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಿದ್ದರೆ ಇವತ್ತೇ ಬಿಚ್ಚಿ, ಹುರಿಹಗ್ಗ ಅಥವಾ ನೈಲಾನ್ ಹಗ್ಗ ಕಟ್ಟಿ. ಆ ತಂತಿಯ ಒಂದು ತುದಿ ಸರ್ವಿಸ್ ವೈರಿನ ಕಂಬಕ್ಕೋ ಮಾಡಿನ ಕಬ್ಬಿಣಕ್ಕೋ ತಾಗಿರುತ್ತದೆ. ಒದ್ದೆ ಬಟ್ಟೆ ಹಿಡಿದ ಕೈ ಇನ್ನೊಂದು ತುದಿಯಲ್ಲಿ. ಕಂಬವನ್ನು ಎಳೆದು ನಿಲ್ಲಿಸುವ ಸ್ಟೇ ವೈರಿಗೆ ದನ ಕಟ್ಟುವುದೂ ಬೇಡ. ಪಂಪ್ ಶೆಡ್ಡಿನ ತ್ರೀ ಫೇಸ್ ಮೋಟರಿಗೆ ಎರಡು ಬೇರೆ ಬೇರೆ ಅರ್ತ್ ಇರಬೇಕು, ಇದು ನಿಯಮ. ಮೋಟರು ಓಡುತ್ತಿರುವಾಗ ಕೆರೆಗೆ ಇಳಿಯಬೇಡಿ, ಫುಟ್‌ವಾಲ್ವ್ ಎಷ್ಟೇ ಕಸ ಕಟ್ಟಿರಲಿ.

ದೋಟಿ ಮತ್ತು 11 ಕೆವಿ

ತೋಟದ ಮೇಲೆ ಹಾದುಹೋಗುವ ಲೈನಿನ ವಿಷಯದಲ್ಲಿ ಮೇಲಿನ ಯಾವ ಪೆಟ್ಟಿಗೆಯೂ ಉಪಯೋಗಕ್ಕೆ ಬಾರದು. ಅದು 11,000 ವೋಲ್ಟ್. ತಂತಿ ನೆಲದಿಂದ ಐದಾರು ಮೀಟರ್ ಎತ್ತರದಲ್ಲಿರಬಹುದು. ಅಡಿಕೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಪೂರ್ತಿ ಚಾಚಿದರೆ ಅದರ ಮೂರು ಪಟ್ಟು.

ಅಲ್ಯೂಮಿನಿಯಂ ದೋಟಿ ಅಪಾಯ ಎಂದು ಈಗ ಎಲ್ಲರಿಗೂ ಗೊತ್ತು. ನನ್ನ ಹೆದರಿಕೆ ಇರುವುದು ಕಾರ್ಬನ್ ಫೈಬರ್ ದೋಟಿಯದ್ದು. ಹಗುರ, ಚಂದ, ಕೈಗೆ ಪ್ಲಾಸ್ಟಿಕ್ ಹಿಡಿದ ಹಾಗೆ. "ಇದು ಫೈಬರ್ ಅಲ್ವಾ, ಕರೆಂಟ್ ಹೊಡೆಯುವುದಿಲ್ಲ" ಅಂತ ಒಬ್ಬರು ನನ್ನೆದುರೇ ಲೈನಿನ ಪಕ್ಕದ ಮರಕ್ಕೆ ಎತ್ತಿದ್ದರು. ಕಾರ್ಬನ್ ಕರೆಂಟ್ ಹರಿಸುತ್ತದೆ! ಟಾರ್ಚಿನ ಸೆಲ್ ಒಡೆದರೆ ನಡುವೆ ಕಪ್ಪು ಕಡ್ಡಿ ಇರುತ್ತದಲ್ಲ, ಅದೂ ಕಾರ್ಬನ್ನೇ. ಇನ್ನು ಮಳೆಯಲ್ಲಿ ನೆನೆದ ಬಿದಿರೂ 11 ಕೆವಿ ಎದುರು ಭರವಸೆಯದ್ದಲ್ಲ. ತಂತಿಗೆ ತಾಗಲೇಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೆ ಕರೆಂಟೇ ಹಾರಿ ಬರುತ್ತದೆ.

ಗೊನೆ ಕೊಯ್ಯುವಾಗ ಕಣ್ಣು ಮೇಲೆಯೇ ಇರುತ್ತದೆ. ಆಗ ಅಷ್ಟು ಭಯ ಇಲ್ಲ. ಒಂದು ಮರ ಮುಗಿಸಿ, ದೋಟಿಯನ್ನು ನೆಟ್ಟಗೆ ಹಿಡಿದುಕೊಂಡೇ ಇನ್ನೊಂದು ಮರಕ್ಕೆ ಹೋಗುವಾಗ ಕಣ್ಣು ಕಾಲಬುಡದ ಕಣಿಯ ಮೇಲೆ ಇರುತ್ತದೆ. ತಲೆಯ ಮೇಲೆ ಏನಿದೆ ಎಂದು ಮರೆಯುವುದು ಆಗಲೇ. ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಲೈನಿನ ಎರಡೂ ಬದಿಯ ಮರಗಳಿಗೆ ಸುಣ್ಣದ ಗುರುತು ಹಾಕಿ. ಗುರುತಿನ ಮರಗಳನ್ನು ಆ ದಿನ ಬಿಟ್ಟುಬಿಡಿ. ಉಳಿದಲ್ಲಿಯೂ ಮರದಿಂದ ಮರಕ್ಕೆ ಹೋಗುವಾಗ ದೋಟಿ ಮಡಚಿ, ಅಡ್ಡ ಹಿಡಿದು ನಡೆಯಿರಿ. ಗುರುತಿನ ಮರಗಳ ಕೊಯ್ಲಿಗೆ ಮೊದಲೇ ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ಹೇಳಿ, ಲೈನ್ ಆಫ್ ಆದದ್ದು ಖಚಿತ ಆದ ಮೇಲೆ ಕೈ ಹಾಕಿ. ಮದ್ದು ಬಿಡುವವರಿಗೂ ಇದೇ ಮಾತು. ಬೋರ್ಡೋ ಮದ್ದು ಅಂದರೆ ಮೈಲುತುತ್ತು, ಸುಣ್ಣ ಬೆರೆಸಿದ ನೀರು, ಗನ್ನಿನ ಧಾರೆ ತಂತಿಗೆ ಹೋಗಬಾರದು.

ಹಂದಿ ಕಾಟಕ್ಕೆ ಬೇಲಿಗೆ ಮನೆಯ ಕರೆಂಟ್ ಕೊಡುವವರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಅದು ಅಪರಾಧ. ರಾತ್ರಿ ಟಾರ್ಚ್ ಇಲ್ಲದೆ ತೋಟ ದಾಟುವ ನೆರೆಮನೆಯವನಿಗೂ ಹಂದಿಗೂ ಆ ತಂತಿ ವ್ಯತ್ಯಾಸ ಮಾಡುವುದಿಲ್ಲ. ಸೋಲಾರ್ ಬೇಲಿಯ ಯಂತ್ರ ಬೇರೆ, ಅದು ಕ್ಷಣಕ್ಷಣ ತುಂಡು ತುಂಡಾಗಿ ಮಾತ್ರ ಕರೆಂಟ್ ಬಿಡುತ್ತದೆ.

ಯಾರಿಗಾದರೂ ಹೊಡೆದರೆ

ಮನೆಯೊಳಗೆ ಆದರೆ ಮೊದಲು ಮೇನ್ ಸ್ವಿಚ್. ಓಡಿಹೋಗಿ ಹಿಡಿದು ಎಳೆಯುವುದು ಮನುಷ್ಯ ಸಹಜ, ಆದರೆ ಎಳೆದವರೂ ಅಂಟಿಕೊಳ್ಳುತ್ತಾರೆ. ಸ್ವಿಚ್ ದೂರ ಇದ್ದರೆ ಒಣಗಿದ ಕಟ್ಟಿಗೆಯಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿಯನ್ನು ದೂಡಿ, ನೀವು ಒಣ ಜಾಗದಲ್ಲಿ ನಿಂತುಕೊಂಡು. ತೋಟದಲ್ಲಿ 11 ಕೆವಿ ಆದರೆ ಕಟ್ಟಿಗೆಯೂ ಬೇಡ. ಬಿದ್ದ ತಂತಿಯಿಂದ ಕಡಿಮೆಯೆಂದರೆ 10 ಮೀಟರ್ ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಅಥವಾ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ. ನೀವೇ ಅದರ ಹತ್ತಿರ ಸಿಕ್ಕಿಕೊಂಡರೆ ದೊಡ್ಡ ಹೆಜ್ಜೆ ಹಾಕಬೇಡಿ. ಎರಡು ಪಾದಗಳ ನಡುವೆಯೇ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಪಾದ ಜೋಡಿಸಿ, ನೆಲ ಬಿಡದೆ ಉಜ್ಜಿಕೊಂಡು ಸರಿಯಿರಿ.

ಕರೆಂಟ್ ಕಡಿದ ಮೇಲೆ ಕರೆದು ನೋಡಿ. ಎಚ್ಚರ ಇಲ್ಲ, ಉಸಿರೂ ಸರಿ ಇಲ್ಲ ಎಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತಲು ಶುರು ಮಾಡಲಿ. ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಕಲಿತವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಬಹುದು. ಕಲಿಯದವರು ಒತ್ತುತ್ತಲೇ ಇರಿ, ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ. ಮೈಗೆ ಮರಳು ತಿಕ್ಕುವುದು, ಬಾಯಿಗೆ ನೀರು ಹೊಯ್ಯುವುದು ಬೇಡವೇ ಬೇಡ.

ಎದ್ದು ಕೂತು "ಏನೂ ಆಗಲಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮದಲ್ಲಿ ಕಾಣುವುದು ಸಣ್ಣ ಸುಟ್ಟ ಚುಕ್ಕೆ ಮಾತ್ರ ಇರಬಹುದು, ಒಳಗಿನ ಸ್ನಾಯು ಬೆಂದಿರಬಹುದು. ಹೃದಯದ ಬಡಿತವೂ ತಪ್ಪಿರಬಹುದು, ಅದು ಇಸಿಜಿಯಲ್ಲಿ ಗೊತ್ತಾಗುತ್ತದೆ. ದಾರಿಯಲ್ಲಿ ಹೋಗುತ್ತಾ ಇಷ್ಟನ್ನು ನೆನಪು ಮಾಡಿಟ್ಟುಕೊಳ್ಳಿ, ಡಾಕ್ಟರು ಕೇಳುತ್ತಾರೆ: ಮನೆಯ ಕರೆಂಟೋ 11 ಕೆವಿಯೋ, ಎಷ್ಟು ಹೊತ್ತು ಹಿಡಿದಿತ್ತು, ಯಾವ ಕೈಗೆ ತಾಗಿತು, ಎಚ್ಚರ ತಪ್ಪಿತ್ತೇ, ಮರದಿಂದ ಬಿದ್ದದ್ದೂ ಉಂಟೇ. ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದ್ದರೆ ಕೇಳುವವರೆಗೆ ಕಾಯದೆ ಅದನ್ನು ಮೊದಲು ಹೇಳಿ.